ತಾತ ಹೋದ ಹೂಜಾಡಿ

ನಮ್ಮ ತಾತನ ಅಸ್ಥಿ ಹೊಳೆಗೆ ಹೋದದ್ದು ಒಂದು ಹೂಜಾಡಿಯಲ್ಲಿ. ಹಾಗೆ ಹೋಗಬೇಕೆಂದು ಅವರೇನೂ ಆಸೆಪಟ್ಟಿರಲಿಲ್ಲ. ಬದುಕಿದ್ದಾಗ ಕೇಳಿದ್ದರೆ, ಅದೊಂದನ್ನು ಬಿಟ್ಟು ಬೇರೆ ಯಾವ ಡಬ್ಬದಲ್ಲಾದರೂ ಹಾಕಿ ಎನ್ನುತ್ತಿದ್ದರು.

ಜಾಡಿ ಅಜ್ಜಿಯದು. ಸುಟ್ಟ ಮಣ್ಣಿನದು. ಮೊಣಕಾಲಿನಷ್ಟು ಎತ್ತರ, ತುಂಬು ಬಸುರಿಯ ಹೊಟ್ಟೆ, ಕೊಕ್ಕರೆಯ ಕುತ್ತಿಗೆ. ಕಾಫಿ ಡಿಕಾಕ್ಷನ್ ಬಣ್ಣದ ಮೈಮೇಲೆ ಕೆಂಪು, ಹಳದಿ ಹೂಗಳು, ಅವುಗಳ ನಡುವೆ ನುಸುಳಿಕೊಂಡು ಹೋಗುವ ಹಸಿರು ಬಳ್ಳಿ. ಅಜ್ಜಿಯ ಅಪ್ಪ ಪೊಳ್ಳಾಚಿ ಕಡೆಯ ಒಬ್ಬ ಜಮೀನ್ದಾರರ ಮನೆಗೆ ಸೀರೆ ನೇಯ್ದು ಕೊಡುತ್ತಿದ್ದರಂತೆ. ಅಜ್ಜಿಯ ಮದುವೆ ಗೊತ್ತಾದಾಗ ಆ ಮನೆಯ ಮುದುಕಿ ತನ್ನ ಹಜಾರದಲ್ಲಿದ್ದ ಜಾಡಿಯನ್ನು ಎತ್ತಿ, ‘ಹುಡುಗಿಗೆ ಕೊಡು’ ಎಂದಳು. ಆಗಲೇ ಅದು ಆ ಮುದುಕಿಯ ಅತ್ತೆಯ ಕಾಲದ್ದು. ಹಳೆಯ ಸಾಮಾನು ಸಾಗಹಾಕಲು ಬೇರೆಯವರ ಮದುವೆಗಿಂತ ಒಳ್ಳೆಯ ಹೊತ್ತು ಯಾವುದಿದೆ ಎಂದು ತಾತ ಕೇಳುತ್ತಿದ್ದರು. ಅಜ್ಜಿ ಮಾತ್ರ ಅದನ್ನು ಮಡಿಲಲ್ಲಿಟ್ಟುಕೊಂಡೇ ಬಸ್ಸಿನಲ್ಲಿ ತಾತನ ಊರಿಗೆ, ಕೊಯಮತ್ತೂರಿನ ಪಕ್ಕದ ಸೋಮನೂರಿಗೆ ಬಂದಳು. ಮದುಮಗಳ ಮಡಿಲಲ್ಲಿ ಜಾಡಿ, ಪಕ್ಕದಲ್ಲಿ ಮದುಮಗ. ಅವನಿಗೆ ಕಾಲು ಚಾಚಲೂ ಜಾಗವಿಲ್ಲ. ಜಗಳ ಅಲ್ಲಿಂದಲೇ ಶುರು.

ಪುಸ್ತಕದ ಕನ್ನಡದಲ್ಲಿ ಇದನ್ನು ಹೂದಾನಿ ಎನ್ನುತ್ತಾರೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ನಾನಾಗಿಯೇ ಕನ್ನಡ ಅಕ್ಷರ ಕಲಿತಾಗ. ನಮ್ಮ ಮನೆಯಲ್ಲಿ ಕನ್ನಡ ಮಾತಾಡುವವರಿದ್ದರು, ಓದುವವರಿರಲಿಲ್ಲ. ತಮಿಳಿನ ‘ಪೂಜಾಡಿ’ಯಿಂದ ಪೂವನ್ನು ಕಿತ್ತು ಕನ್ನಡದ ಹೂವನ್ನು ಸಿಕ್ಕಿಸಿ ಅಜ್ಜಿ ಅದನ್ನು ಹೂಜಾಡಿ ಮಾಡಿದ್ದಳು. ತಾತ ಅದನ್ನು ‘ನಿಮ್ಮ ಅಪ್ಪನ ಮನೆ ಕುಂಡ’ ಎನ್ನುತ್ತಿದ್ದರು. ಒದ್ದೆ ಛತ್ರಿಯನ್ನು ಅದರ ಬಾಯಿಗೆ ತುರುಕುತ್ತಿದ್ದರು. ಅಜ್ಜಿ ಛತ್ರಿಯನ್ನು ಬೀದಿಗೆ ಎಸೆಯುತ್ತಿದ್ದಳು. ಇಬ್ಬರೂ ಬೇರೆ ವಿಷಯ ಅಷ್ಟಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ.

ಮನೆಗೆ ಯಾರೇ ಬರಲಿ, ಅಜ್ಜಿ ಮೊದಲು ತೋರಿಸುವುದು ಜಾಡಿಯನ್ನೇ. ‘ನೋಡಿ, ನೂರು ವರ್ಷಕ್ಕೂ ಮೇಲಾಗಿದೆ. ಒಂದು ಹೂ ಮಾಸಿದೆಯಾ? ಆ ಕಾಲದ ಬಣ್ಣ!’ ಆಶ್ಚರ್ಯವೆಂದರೆ, ಆಗ ಮಾತ್ರ ತಾತ ಎದುರಾಡುತ್ತಿರಲಿಲ್ಲ. ‘ಹೌದು, ಆ ಕಾಲದ ಬಣ್ಣವೇ ಬೇರೆ’ ಎಂದು ಎದ್ದು ಮಗ್ಗದ ಶೆಡ್ಡಿಗೆ ಹೋಗಿಬಿಡುತ್ತಿದ್ದರು. ಶೆಡ್ಡು ಮನೆಗೆ ಅಂಟಿಕೊಂಡೇ ಇತ್ತು. ಪವರ್‌ಲೂಮ್‌ಗಳ ಸದ್ದಿಗೆ ಗೋಡೆ ನಡುಗಿ ಜಾಡಿ ದಿನವೂ ಒಂದಿಷ್ಟು ಸರಿದು ಮೇಜಿನ ಅಂಚಿಗೆ ಬರುತ್ತಿತ್ತು. ಬೆಳಿಗ್ಗೆ ಎದ್ದು ಅದನ್ನು ಹಿಂದಕ್ಕೆ ತಳ್ಳುವುದು ಅಜ್ಜಿಯ ಮೊದಲ ಪೂಜೆ. ಎರಡನೆಯದು ದೇವರಿಗೆ.

ಇನ್ನೊಂದು ವಿಷಯಕ್ಕೂ ಅಜ್ಜಿ ಗಂಡನನ್ನು ಹೊಗಳುತ್ತಿದ್ದಳು. ವರ್ಷಕ್ಕೊಂದು ಸಲ ಅವರು ಅವಳನ್ನು ಕಾರಮಡೈ ರಂಗನಾಥರ ಗುಡಿಗೆ ಕಳಿಸುತ್ತಿದ್ದರು. ಅಲ್ಲೇ ಅವಳ ತಂಗಿಯ ಮನೆ. ‘ಎರಡು ದಿನ ಇದ್ದೇ ಬಾ, ಸ್ವಾಮಿ ದರ್ಶನ ಚೆನ್ನಾಗಿ ಆಗಲಿ’ ಎನ್ನುತ್ತಿದ್ದರು. ತಾವು ಒಂದು ಸಲವೂ ಹೋಗಲಿಲ್ಲ. ‘ಬಾಯಿ ಕೆಟ್ಟದು, ಆದ್ರೆ ಒಳಗೆ ಭಕ್ತಿ ಇದೆ’ ಎಂದು ಅಜ್ಜಿ ಊರೆಲ್ಲ ಹೇಳಿಕೊಂಡು ಬಂದಿದ್ದಳು.

ಕೆಲವು ವರ್ಷಗಳ ಹಿಂದೆ ತಾತ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ, ಸಾರಿಗೆ ಉಪ್ಪು ಕಡಿಮೆ ಎಂದು ಬೈದು, ಕುರ್ಚಿಯಲ್ಲಿ ಕಣ್ಣು ಮುಚ್ಚಿದವರು ತೆರೆಯಲಿಲ್ಲ. ಅಜ್ಜಿ ಅಳಲಿಲ್ಲ. ‘ಉಪ್ಪು ಸರಿಯಾಗೇ ಇತ್ತು’ ಎಂದು ಬಂದವರಿಗೆಲ್ಲ ಹೇಳಿದಳು.

ದಹನವಾಯಿತು. ಚಿತಾಗಾರದವರು ಅಸ್ಥಿಯನ್ನು ಪುಟ್ಟ ಮಡಕೆಯಲ್ಲಿ ಹಾಕಿ, ಬಟ್ಟೆ ಕಟ್ಟಿ ಕೊಟ್ಟರು. ಅದನ್ನು ಮನೆಯೊಳಗೆ ತರಬಾರದೆಂದು ನನ್ನ ಸೋದರಮಾವ ಅಂಗಳದ ನುಗ್ಗೆ ಮರಕ್ಕೆ ತೂಗುಹಾಕಿದರು. ಮಾವ ತಾತನ ಒಬ್ಬನೇ ಮಗ, ಬಹಳ ಒಳ್ಳೆಯ ಮನುಷ್ಯ, ಆದರೆ ಮರಗಳ ಬಗ್ಗೆ ಏನೂ ಗೊತ್ತಿಲ್ಲ. ನುಗ್ಗೆ ಕೊಂಬೆ ಕಾಗೆ ಕೂತರೂ ಮುರಿಯುತ್ತದೆ. ಮಾರನೇ ಬೆಳಿಗ್ಗೆ ನಾನು ಕೊಯಮತ್ತೂರಿನ ಆರ್.ಎಸ್. ಪುರಂನಿಂದ ಕಾರು ತೆಗೆದುಕೊಂಡು ಬರುವಷ್ಟರಲ್ಲಿ ಕೊಂಬೆ ಮುರಿದು, ಮಡಕೆ ಒಡೆದು, ತಾತ ನೆಲದ ಮೇಲಿದ್ದರು. ಮಾವನಿಗೆ ಆಗಷ್ಟೇ ಕಣ್ಣಿನ ಆಪರೇಷನ್ ಆಗಿದ್ದರಿಂದ ಕಾರು ಓಡಿಸುವ ಕೆಲಸ ನನ್ನದು. ಪೇರೂರಿನ ಹೊಳೆ ಮೆಟ್ಟಿಲ ಬಳಿ ಪುರೋಹಿತರು ಕಾಯುತ್ತಿದ್ದರು. ರಾಹುಕಾಲ ಶುರುವಾಗುವುದರೊಳಗೆ ಮುಗಿಸಬೇಕಂತೆ.

‘ಏನಾದ್ರೂ ಪಾತ್ರೆ ಕೊಡಿ!’ ಎಂದು ಮಾವ ಕೂಗಿದರು.

ಆಗ ನೋಡಬೇಕಿತ್ತು ನಮ್ಮ ಮನೆಯ ಹೆಂಗಸರನ್ನು. ಹಿಂದಿನ ದಿನ ಎದೆ ಎದೆ ಬಡಿದುಕೊಂಡು ಅತ್ತವರು ಒಬ್ಬೊಬ್ಬರಾಗಿ ತಮ್ಮ ಪಾತ್ರೆಗಳ ಮುಂದೆ ಕಾವಲು ನಿಂತರು. ಮಾವನ ಹೆಂಡತಿ, ನನ್ನ ಅತ್ತೆ, ‘ಎವರ್‌ಸಿಲ್ವರ್ ಸ್ಟೀಲ್ ಡಬ್ಬದಲ್ಲಿ ರಾಗಿ ಹಿಟ್ಟಿದೆ’ ಎಂದರು. ಇಡ್ಲಿ ಪಾತ್ರೆ ಅವರ ತವರಿನದು. ಪ್ಲಾಸ್ಟಿಕ್ ಬಕೆಟ್ ಮರ್ಯಾದೆಯಲ್ಲ. ನನ್ನ ಅಮ್ಮ ಸ್ವೀಟ್ ಅಂಗಡಿಯ ದೊಡ್ಡ ತಗಡಿನ ಡಬ್ಬ ತಂದಳು. ಅದರ ಮೇಲೆ ಮೈಸೂರ್ ಪಾಕಿನ ಚಿತ್ರವಿತ್ತು.

‘ಅಕ್ಕಾ, ಅಪ್ಪನಿಗೆ ಶುಗರ್ ಇತ್ತು’ ಎಂದರು ಮಾವ. ಅವರು ತಮಾಷೆಗೆ ಹೇಳಿದ್ದಲ್ಲ.

ಕೊನೆಗೆ ಅವರ ಕಣ್ಣು ಜಾಡಿಯ ಮೇಲೆ ಬಿತ್ತು. ಹೆಣ ಮಲಗಿಸಲು ಹಜಾರ ಖಾಲಿ ಮಾಡಿದಾಗ ಅದನ್ನು ಜಗಲಿಗೆ ತಂದಿಟ್ಟಿದ್ದರು. ಅಜ್ಜಿ ಸ್ನಾನಕ್ಕೆ ಹೋಗಿದ್ದಳು. ಬೇಡವೆನ್ನುವವರು ಯಾರೂ ಇರಲಿಲ್ಲ. ಮಾವ ತಾತನನ್ನು ಬಾಳೆ ಎಲೆಯಲ್ಲಿ ಬಾಚಿ ಬಾಚಿ ಜಾಡಿಗೆ ತುಂಬಿದರು. ತಾತನ ಜೊತೆ ಅಂಗಳದ ಮಣ್ಣೂ ಒಂದಿಷ್ಟು ನುಗ್ಗೆ ಸೊಪ್ಪೂ ಹೋದವು. ಬಾಯಿಗೆ ಹಳದಿ ಬಟ್ಟೆ ಕಟ್ಟಿ ಹಿಂದಿನ ಸೀಟಿನಲ್ಲಿಟ್ಟು, ಉರುಳದಿರಲೆಂದು ಬೆಲ್ಟ್ ಹಾಕಿದರು. ಬದುಕಿದ್ದಾಗ ತಾತ ಒಂದು ದಿನವೂ ಬೆಲ್ಟ್ ಹಾಕಿದವರಲ್ಲ.

ಸೂಲೂರು ದಾಟುವಾಗ ಮಾವನ ಫೋನ್ ಬಡಿದುಕೊಂಡಿತು. ಮಾವ ಸ್ಪೀಕರ್ ಹಾಕಿದರು. ಹಾಕುವ ಅಗತ್ಯವೇ ಇರಲಿಲ್ಲ. ಜೀವನವೆಲ್ಲ ಮಗ್ಗದ ಸದ್ದಿನ ಮೇಲೆ ಮಾತಾಡಿದವಳು ಅಜ್ಜಿ.

‘ನನ್ನ ಹೂಜಾಡಿ ಎಲ್ಲೋ?’

ಮಾವ ನನ್ನ ಮುಖ ನೋಡಿದರು. ನಾನು ರಸ್ತೆ ನೋಡಿದೆ.

‘ಅವ್ವಾ, ಅಪ್ಪ ಅದರಲ್ಲಿದ್ದಾರೆ.’

‘ಅರವತ್ತು ವರ್ಷ ಅದನ್ನ ಕುಂಡ ಕುಂಡ ಅಂತ ಬೈದು, ಈಗ ಅದರೊಳಗೇ ಹೋಗಿ ಕೂತ್ರಾ?’

‘ಮಡಕೆ ಒಡೆದುಹೋಯ್ತು ಅವ್ವಾ…’

‘ಆ ಮನುಷ್ಯನನ್ನ ಎಲ್ಲಿ ಬಿಡಬೇಕೋ ಅಲ್ಲಿ ಬಿಟ್ಟು ಬಾ. ನನ್ನ ಜಾಡಿ ಮನೆಗೆ ಬರಬೇಕು. ಬರಲಿಲ್ಲ ಅಂದ್ರೆ ನೀನೂ ಬರಬೇಡ.’ ಫೋನ್ ಇಟ್ಟಳು. ಮಾವ ಹಿಂದಿನ ಸೀಟಿಗೆ ತಿರುಗಿ, ತಮ್ಮಪ್ಪನ ಕಡೆ ಒಂದು ಸಲ ನೋಡಿದರು. ಆ ಹಳೆಯ ಜಗಳದಲ್ಲಿ ಎಷ್ಟೋ ಸಲ ನಡುವೆ ಸಿಕ್ಕಿಕೊಂಡ ಮಗ. ಇವತ್ತಾದರೂ ತಪ್ಪಿಸಿಕೊಳ್ಳಬಹುದೆಂದು ಅವರು ಆಸೆಪಟ್ಟಿದ್ದಿರಬೇಕು.

ಪೇರೂರಿನಲ್ಲಿ ನೊಯ್ಯಲ್ ಹೊಳೆಯಲ್ಲಿ ಮೊಣಕಾಲುದ್ದ ನೀರಿತ್ತು. ನಮ್ಮ ಪುಣ್ಯ. ಕೆಲವು ತಿಂಗಳು ಅದೂ ಇರುವುದಿಲ್ಲ. ಪುರೋಹಿತರು ಜಾಡಿಯನ್ನು ನೋಡಿ, ನಮ್ಮನ್ನು ನೋಡಿ, ತಮಿಳಿನಲ್ಲಿ ಕೇಳಿದರು: ‘ಇದೇನು, ಮದುವೆ ಮಂಟಪದಿಂದ ಬಂದಿರಾ?’ ಮಾವ ಕಥೆ ಹೇಳಿದರು. ಅವರಿಗೆ ಕಥೆ ಬೇಕಾಗಿರಲಿಲ್ಲ. ಮಂತ್ರ ಮುಗಿದ ಮೇಲೆ ಪಾತ್ರೆಯ ಸಮೇತ ಹಿಂದಕ್ಕೆ ಎಸೆದು, ತಿರುಗಿ ನೋಡದೆ ಬರಬೇಕು ಎಂದರು.

‘ಪಾತ್ರೆ ಎಸೆಯೋ ಹಾಗಿಲ್ಲ’ ಎಂದೆ ನಾನು.

‘ಎಸೆಯದಿದ್ದರೆ ಆತ್ಮ ಮನೆಗೆ ಹಿಂದಿರುಗುತ್ತದಮ್ಮ.’

‘ಎಸೆದರೆ ನಾವು ಮನೆಗೆ ಹಿಂದಿರುಗುವ ಹಾಗಿಲ್ಲ ಸ್ವಾಮಿ.’

ಅವರಿಗೆ ಇನ್ನೂ ಎರಡು ಮೂರು ಕುಟುಂಬಗಳು ಕಾಯುತ್ತಿದ್ದವು. ಕಡೆಗೆ ಒಂದು ದಾರಿ ಹೇಳಿದರು: ಮೆಟ್ಟಿಲ ಮೇಲಿನ ಅಂಗಡಿಯಲ್ಲಿ ಹೊಸ ಮಡಕೆ ತಂದು, ಅಸ್ಥಿಯನ್ನು ಅದಕ್ಕೆ ಬದಲಾಯಿಸಿ, ಅದನ್ನು ಎಸೆಯಿರಿ. ನಾನು ಓಡಿಹೋಗಿ ಮಡಕೆ ತಂದೆ. ಮಾವ ಜಾಡಿಯನ್ನು ಬಗ್ಗಿಸಿದರು. ತಾತ ಬರಲಿಲ್ಲ. ಅಂಗಳದ ಇಬ್ಬನಿಗೆ ನೆನೆದ ಬೂದಿ ಮಣ್ಣಿನ ಜೊತೆ ಗಟ್ಟಿಯಾಗಿ ಆ ಸಣ್ಣ ಕುತ್ತಿಗೆಯಲ್ಲಿ ಸಿಕ್ಕಿಕೊಂಡಿತ್ತು. ಮಾವ ತಟ್ಟಿದರು, ಕುಲುಕಿದರು, ಬೆರಳು ಹಾಕಿದರು. ‘ಅಪ್ಪಾ, ಬಾಪ್ಪಾ’ ಎಂದು ಮೆಲ್ಲಗೆ ಕರೆದರು ಕೂಡ. ಕೊನೆಗೆ ಹೊಳೆಗಿಳಿದು, ಜಾಡಿಯನ್ನು ನೀರಲ್ಲಿ ಮುಳುಗಿಸಿ ತುಂಬಿಕೊಂಡು, ಮಗುವನ್ನು ಎತ್ತಿಕೊಂಡ ಹಾಗೆ ಎದೆಗೊತ್ತಿ ಅಲ್ಲಾಡಿಸತೊಡಗಿದರು.

ಆಗ ಮೆಟ್ಟಿಲ ಮೇಲಿದ್ದ ಒಬ್ಬ ಹೆಂಗಸು ಕಿರುಚಿದಳು: ‘ಅಯ್ಯೋ, ರತ್ತಂ! ರಕ್ತ!’

ಮಾವ ಉಟ್ಟಿದ್ದ ಬಿಳಿ ವೇಷ್ಟಿಯ ಮೇಲೆ ಕೆಂಪು ಇಳಿಯುತ್ತಿತ್ತು. ಕೆಂಪಿನ ಹಿಂದೆ ಹಳದಿ. ಹಳದಿಯ ಹಿಂದೆ ಹಸಿರು. ನೂರು ವರ್ಷ ಮಾಸದೆ ಇದ್ದ ಹೂಗಳು ನೊಯ್ಯಲ್ ನೀರು ತಗುಲಿದ್ದೇ ತಡ ಕರಗಿ ಹರಿಯುತ್ತಿದ್ದವು. ಕೆಳಗೆ ತಿರುಪ್ಪೂರಿಗೆ ಹೋಗುವಷ್ಟರಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳಿಂದ ಈ ಹೊಳೆಗೆ ಬಣ್ಣ ಬರುವುದು ಎಲ್ಲರಿಗೂ ಗೊತ್ತು. ಅಷ್ಟು ಮೇಲೆ, ಪೇರೂರಿನಲ್ಲೇ ಬಣ್ಣ ಕಲಸಿದವರು ನಾವೇ ಇರಬೇಕು.

ನಾನು ನೀರಿಗಿಳಿದು ಜಾಡಿ ಕಿತ್ತುಕೊಂಡೆ. ಒಂದು ಕಡೆ ಹೂಗಳೆಲ್ಲ ಹೋಗಿದ್ದವು. ಹೋದ ಕಡೆ ಮಣ್ಣು ಬರಿದಾಗಿರಲಿಲ್ಲ. ಕೆಳಗೆ ಬೇರೆ ಹೂಗಳಿದ್ದವು. ಸಣ್ಣವು, ಮಸುಕಾದವು, ಸುಣ್ಣದ ಬಿಳಿ ಮತ್ತು ಇಟ್ಟಿಗೆಯ ಕೆಂಪು. ಒಂದೊಂದು ದಳಕ್ಕೂ ಕೂದಲೆಳೆಯಂಥ ಗೆರೆ. ಬೆರಳಿಗೆ ಏನೋ ಜಿಗುಟು ಹತ್ತಿತು. ಮೂಸಿ ನೋಡಿದೆ. ನೂಲಿಗೆ ಹಚ್ಚುವ ಗಂಜಿಯ ವಾಸನೆ.

‘ಮಾವ, ಇದು ನಮ್ಮ ಮಗ್ಗದ ಗಂಜಿ.’

ಮಾವ ಒದ್ದೆ ವೇಷ್ಟಿಯಲ್ಲಿ ಮೆಟ್ಟಿಲ ಮೇಲೆ ಕುಸಿದು ಕೂತರು. ‘ಬಣ್ಣವೂ ನಮ್ಮದೇ’ ಎಂದರು. ‘ಮೊದಲು ಕೈಮಗ್ಗದಲ್ಲಿ ಟವೆಲ್ ನೇಯೋವಾಗ ಅಂಚಿಗೆ ಹಾಕ್ತಿದ್ದ ಬಣ್ಣ. ಅಪ್ಪ ಹಚ್ತಿದ್ದರು.’

‘ಯಾವಾಗ?’

‘ಅವ್ವ ಕಾರಮಡೈಗೆ ಹೋದಾಗಲೆಲ್ಲ.’

ಆಮೇಲೆ ಬಂತು ಪೂರ್ತಿ ಕಥೆ. ಮಾವ ಚಿಕ್ಕವರಿದ್ದಾಗ ಅಜ್ಜಿ ಒಂದು ಸಲ ತಂಗಿಯ ಮನೆಗೆ ಹೋಗಿದ್ದಳು. ತಾತ ಯಾವುದೋ ಜಗಳದ ಸೇಡು ತೀರಿಸಿಕೊಳ್ಳಲು ಜಾಡಿಯೊಳಗೆ ಎಲೆ ಅಡಿಕೆ ಉಗುಳಿದರು. ಉಗುಳಿದ ಮೇಲೆ ಭಯವಾಯಿತು. ಹುಣಸೆಹಣ್ಣು, ಬೂದಿ ಹಾಕಿ ಒಳಗೂ ಹೊರಗೂ ತಿಕ್ಕಿ ತೊಳೆದರು. ತಿಕ್ಕಿದ ರಭಸಕ್ಕೆ ಹೂಗಳು ಅರ್ಧ ಎದ್ದುಹೋದವು. ಅಜ್ಜಿ ಬರುವುದರೊಳಗೆ ಗಂಜಿಯಲ್ಲಿ ಬಣ್ಣ ಕಲಸಿ, ನೆನಪಿದ್ದ ಹಾಗೆ ಹೂ ಬಿಡಿಸಿಟ್ಟರು. ಅಜ್ಜಿಗೆ ಗೊತ್ತಾಗಲಿಲ್ಲ. ಆದರೆ ಗಂಜಿಯ ಬಣ್ಣ ಎಷ್ಟು ದಿನ ನಿಂತೀತು? ವರ್ಷ ತುಂಬುವಷ್ಟರಲ್ಲಿ ಉದುರತೊಡಗಿತು. ‘ನೀನು ರಂಗನಾಥರ ದರ್ಶನ ಮಾಡಿ ಬಾ’ ಎಂದು ಅವಳನ್ನು ಮತ್ತೆ ಕಳಿಸಿದರು.

‘ಅಲ್ಲಿಂದ ಹಾಗೇ ನಡೀತು, ವರ್ಷ ವರ್ಷಕ್ಕೂ ಹೂವು ಸ್ವಲ್ಪ ಸ್ವಲ್ಪ ಬೇರೆಯಾಗ್ತಾ ಬಂತು’ ಎಂದರು ಮಾವ. ‘ನಾನು ನೋಡಿದ್ದೆ. ಬಾಯಿ ಬಿಟ್ಟರೆ ಕಾಲು ಮುರೀತೀನಿ ಅಂದಿದ್ದರು. ಇವತ್ತು ನೀರಿಗೆ ಅದ್ದೋವಾಗ ನೆನಪೇ ಆಗಲಿಲ್ಲ.’

ಇದನ್ನು ಕೇಳಿ ನನ್ನ ಕಣ್ಣು ತುಂಬಿ ಬಂತೆಂದು ಬರೆಯಬಹುದು. ನಿಜವಾಗಿ ನನಗೆ ಬಂದದ್ದು ನಗು. ಹೊಳೆಯ ಮೆಟ್ಟಿಲ ಮೇಲೆ, ಸುತ್ತ ತಲೆ ಬೋಳಿಸಿಕೊಂಡವರ ನಡುವೆ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಾವನೂ ನಕ್ಕರು. ದುಃಖಕ್ಕೆ ನಮ್ಮ ತಲೆ ಕೆಟ್ಟಿದೆಯೆಂದು ತಿಳಿದು ಪುರೋಹಿತರು ನೀರು ಕೊಟ್ಟರು. ತಾತನ ಉಳಿದ ಭಾಗವನ್ನು ಹೊಸ ಮಡಕೆಗೆ ಸುರಿದೆವು. ಮಾವ ಅದನ್ನು ಹಿಂದಕ್ಕೆ ಎಸೆದು ತಿರುಗಿ ನೋಡದೆ ಬಂದರು. ನಾನು ನೋಡಿದೆ. ನೀರು ಸಾಲದೆ ಮಡಕೆ ಅಲ್ಲೇ ಕಲ್ಲಿಗೆ ತಗುಲಿ ನಿಂತಿತ್ತು. ಪುರೋಹಿತರು ಕಾಲಿನಿಂದ ಮೆಲ್ಲಗೆ ಮುಂದಕ್ಕೆ ತಳ್ಳಿದರು.

ಮನೆ ಮುಟ್ಟಿದ್ದೇ ಮಾವ ‘ಮೊದಲು ಸ್ನಾನ ಮಾಡಬೇಕು’ ಎಂದು ಬಾವಿಯ ಕಡೆ ಓಡಿದರು. ಅಷ್ಟು ಚುರುಕಾಗಿ ಅವರು ಯಾವ ಶಾಸ್ತ್ರವನ್ನೂ ಪಾಲಿಸಿದ್ದಿಲ್ಲ. ಜಾಡಿ ಹಿಡಿದು ಅಜ್ಜಿಯ ಮುಂದೆ ನಿಂತವಳು ನಾನು.

ಅಜ್ಜಿ ಅದನ್ನು ಮಡಿಲಿಗೆ ತೆಗೆದುಕೊಂಡು ತಿರುಗಿಸಿದಳು. ಬಣ್ಣ ಉಳಿದ ಕಡೆ ನೋಡಿದಳು. ಬಣ್ಣ ಹೋದ ಕಡೆ ನೋಡಿದಳು. ಮೆಲ್ಲಗೆ ಹೇಳಿದಳು, ‘ಇದು ನಾನು ಬಸ್ಸಲ್ಲಿ ತಂದ ಹೂವು. ಇದನ್ನ ಮರೆತೇಬಿಟ್ಟಿದ್ದೆ ಕಣ್ಣು.’ ಕಣ್ಣು ಎಂದರೆ ನಾನು, ತಮಿಳಿನ ಮುದ್ದು. ಆಮೇಲೆ ಬಣ್ಣ ಉಳಿದ ಕಡೆ ಬೆರಳು ತೋರಿಸಿ ನನ್ನ ಕಡೆ ತಿರುಗಿದಳು. ‘ಹಾಗಾದ್ರೆ ಇದು ಯಾರದು?’

ನಾನು ಹೇಳಿದೆ. ಎಲ್ಲವನ್ನೂ. ಎಲೆ ಅಡಿಕೆಯನ್ನೂ ಬಿಡಲಿಲ್ಲ.

ಹೇಳುತ್ತಾ ಹೋದಂತೆ ಅಜ್ಜಿಯ ಮುಖ ಕೆಂಪೇರಿತು. ನಾನು ಎಲೆ ಅಡಿಕೆಗೆ ಬೈಯುತ್ತಾಳೆಂದುಕೊಂಡೆ. ಅವಳಿಗೆ ತಗುಲಿದ್ದು ಬೇರೆ ಕಡೆ.

‘ಅಂದ್ರೆ ಕಾರಮಡೈಗೆ ಕಳಿಸಿದ್ದು ಇದಕ್ಕಾ? ಆ ಮನುಷ್ಯನಿಗೆ ಭಕ್ತಿ ಇದೆ, ಭಕ್ತಿ ಇದೆ ಅಂತ ಊರೆಲ್ಲ ಸಾರಿದೆನಲ್ಲೇ! ಬಿಸಿಲಲ್ಲಿ ಬಸ್ ಹತ್ತಿ, ಸಾಲಲ್ಲಿ ನಿಂತು, ಅವರ ಹೆಸರಲ್ಲಿ ಅರ್ಚನೆ ಮಾಡಿಸಿ ಬರ್ತಿದ್ದೆ. ಆ ರಂಗನಾಥನಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನೆ ಮಲಗಿದ್ದ!’

ಹೀಗೆ ದೇವರನ್ನೂ ಗಂಡನನ್ನೂ ಒಟ್ಟಿಗೆ ಬೈಯುತ್ತಾ ಅವಳು ಜಾಡಿಯನ್ನು ಇನ್ನೊಂದು ಸಲ ತಿರುಗಿಸಿದಳು. ಉಳಿದ ಹೂಗಳ ಮೇಲೆ ಬೆರಳಿಟ್ಟಳು. ‘ಇದಕ್ಕೆ ದಳ ಎಷ್ಟು ನೋಡು. ಒಂದಕ್ಕೆ ಐದು, ಒಂದಕ್ಕೆ ಏಳು. ಇದು ಹೂವಾ ಇಡ್ಲಿಯಾ? ಇಷ್ಟು ಕೆಟ್ಟದಾಗಿ ಬರೆದದ್ದನ್ನ ನೂರು ಜನಕ್ಕೆ ತೋರಿಸಿದೀನಿ.’ ಅಷ್ಟು ಹೇಳಿ ಅತ್ತಳು. ತಾತ ಹೋದ ಮೇಲೆ ಮೊದಲ ಸಲ. ಜೋರಾಗಿಯೇ ಅತ್ತಳು, ಮೂಗು ಸೀಟಿಕೊಂಡು, ನಡುನಡುವೆ ‘ಕಳ್ಳ, ಕಳ್ಳ’ ಎಂದು ಬೈದುಕೊಂಡು. ಅತ್ತೆ ಓಡಿಬಂದು ಏನಾಯಿತೆಂದು ಕೇಳಿದರು. ‘ಇಡ್ಲಿ’ ಎಂದೆ ನಾನು. ಬೇರೆ ಏನು ಹೇಳಬೇಕೋ ತಿಳಿಯಲಿಲ್ಲ.

ಜಾಡಿಯನ್ನು ಮನೆಯೊಳಗೆ ತರಬಾರದೆಂದು ಅತ್ತೆಯ ವಾದ. ಹೆಣದ ಬೂದಿ ಇದ್ದದ್ದು, ತೀಟ್ಟು, ಮೈಲಿಗೆ. ಅಜ್ಜಿ ಕೇಳಿದಳು, ‘ಆ ಮನುಷ್ಯ ಜೀವ ಇದ್ದಾಗ ಸ್ನಾನ ಇಲ್ಲದೆ ಹಜಾರದಲ್ಲಿ ಓಡಾಡ್ತಿದ್ರಲ್ಲ, ಆಗ ನಿನ್ನ ತೀಟ್ಟು ಎಲ್ಲಿ ಹೋಗಿತ್ತು? ಈಗ ಬೆಂಕಿಯಲ್ಲಿ ಬೆಂದು ಚೊಕ್ಕಟವಾಗಿ ಬಂದ್ರೆ ಮೈಲಿಗೆಯಾ?’ ಜಾಡಿ ಅಜ್ಜಿಯ ಕೋಣೆಯ ಕಿಟಕಿಗೆ ಬಂತು.

ಆದರೆ ಅದು ಅರ್ಧ ತೊಳೆದ, ಅರ್ಧ ಬಳಿದ ಮುಖದಂತೆ ಕಾಣುತ್ತಿತ್ತು. ಅಮ್ಮನಿಗೆ ನೋಡಲಾಗಲಿಲ್ಲ. ‘ಯಾರಾದ್ರೂ ಗೊತ್ತಿರೋರನ್ನ ಕೇಳು’ ಎಂದು ನನ್ನ ಬೆನ್ನು ಹತ್ತಿದಳು. ಆರ್.ಎಸ್. ಪುರಂನಲ್ಲಿ ನಮ್ಮ ಮನೆಯ ಹತ್ತಿರವೇ ಹಳೆಯ ಮರದ ಸಾಮಾನು, ಗಡಿಯಾರ ಮಾರುವ ಒಬ್ಬರಿದ್ದರು. ಅವರು ಒಂದು ದಿನ ತಿರುಪ್ಪೂರಿಗೆ ಹೋಗುವ ದಾರಿಯಲ್ಲಿ ನನ್ನ ಜೊತೆ ಸೋಮನೂರಿಗೆ ಬಂದರು. ಕನ್ನಡಕ ಬದಲಾಯಿಸಿ, ಪುಟ್ಟ ಟಾರ್ಚ್ ಹಿಡಿದು, ಜಾಡಿಯ ಮುಂದೆ ಮಂಡಿಯೂರಿದರು. ಹಳೆಯ ಹೂಗಳ ಮುಂದೆ ಉಸಿರು ಬಿಗಿಹಿಡಿದರು. ನಿಜವಾಗಿ ಹಳೆಯದು, ಕೈಯಲ್ಲೇ ಬಿಡಿಸಿದ್ದು, ಹೀಗೆ ಗೆರೆ ಎಳೆಯುವವರು ಈಗಿಲ್ಲ ಎಂದರು. ಬಣ್ಣದ ಕಡೆ ತಿರುಗಿಸಿ ಮುಖ ಹಿಂಡಿದರು.

‘ಅಮ್ಮಾ, ಇದನ್ನು ಹೀಗೆ ಹಾಳು ಮಾಡಿದವರು ಯಾರು?’ ತಮಿಳಿನಲ್ಲಿ ಕೇಳಿದರು.

ಅಜ್ಜಿ ಸೆರಗು ಸರಿಮಾಡಿಕೊಂಡಳು. ‘ನಮ್ಮೆಜಮಾನರು’ ಎಂದಳು, ತಮಿಳಿನಲ್ಲೇ. ಆ ಸ್ವರ ನಾನು ಮೊದಲು ಕೇಳಿರಲಿಲ್ಲ. ದೊಡ್ಡ ಕಲಾವಿದನ ಹೆಂಡತಿಯ ಸ್ವರ.

ಆ ಮನುಷ್ಯ ಗಾಬರಿಯಾಗಿ ತಿದ್ದಿಕೊಂಡರು. ‘ಇಲ್ಲಮ್ಮ, ಒಂದು ರೀತಿಯಲ್ಲಿ ಚೆನ್ನಾಗೇ ಇದೆ. ಬಣ್ಣದ ಧೈರ್ಯ ಇದೆ. ಅವರು ಬೇರೆ ಏನಾದರೂ ಮಾಡಿದ್ದಾರಾ?’

‘ಎರಡು ಮಾಡಿದಾರೆ’ ಎಂದಳು ಅಜ್ಜಿ. ‘ಒಂದು ಇವಳ ಅಮ್ಮ. ಇನ್ನೊಂದು ಅಗೋ, ಕಾಫಿ ತರ್ತಾ ಇದ್ದಾನಲ್ಲ, ಅದು. ಅವೂ ಹೀಗೇ, ಒಂದೊಂದು ಕಡೆ ಒಂದೊಂದು ಥರ.’

ಮಾವ ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು. ಹಳೆ ಸಾಮಾನಿನವರು ನಗಬೇಕೋ ಬೇಡವೋ ಎಂದು ನನ್ನ ಮುಖ ನೋಡಿದರು. ನಾನು ನಕ್ಕ ಮೇಲೆ ಅವರೂ ನಕ್ಕರು. ಆಮೇಲೆ ಅವರಿಗೆ ಪೂರ್ತಿ ಕಥೆ ಹೇಳದೆ ಅಜ್ಜಿ ಬಿಡಲಿಲ್ಲ. ಅವರ ತಿರುಪ್ಪೂರಿನ ಕೆಲಸ ಅವತ್ತು ಹಾಗೇ ಉಳಿಯಿತು. ಹೋಗುವಾಗ, ಉಳಿದ ಬಣ್ಣವನ್ನು ಹತ್ತಿಯಲ್ಲಿ ಮೆಲ್ಲಗೆ ಒರೆಸಿದರೆ ಹಳೆಯದು ಪೂರ್ತಿ ಕಾಣುತ್ತದೆ, ತಾವೇ ಬಂದು ಮಾಡಿಕೊಡುತ್ತೇನೆ ಎಂದರು. ಅಜ್ಜಿ ಬೇಡವೆಂದಳು.

ಅವರ ಕಾರು ಬೀದಿ ತಿರುಗಿದ ಮೇಲೆ ಅಜ್ಜಿ ನನ್ನನ್ನು ಕರೆದಳು. ‘ಒಳ್ಳೆ ಮನುಷ್ಯ ಕಣ್ಣು. ಎಷ್ಟು ಹೇಳಿದ್ರೂ ಕೇಳ್ತಾರೆ. ಇನ್ನೊಂದು ಸಲ ಕರ್ಕೊಂಡು ಬಾ, ಊಟಕ್ಕೇ ಇರಲಿ.’